ಈರಮ್ಮನ ಬೋಟಿನ ಟ್ಯಾಂಕು, ನನ್ನ ತಗಡಿನ ಬಿಲ್ಲೆ

ಹೋದ ತಿಂಗಳು ಊರಿನ ಒಂದು ವೆಲ್ಡಿಂಗ್ ತರಬೇತಿ ಶಾಲೆಯವರು ನನ್ನನ್ನು ಕರೆಸಿ, ಶಾಲು ಹೊದಿಸಿ, ಹೊಸದಾಗಿ ಸೇರಿದ ಮಕ್ಕಳ ಮುಂದೆ ನಿಲ್ಲಿಸಿದರು. ಆದೋನಿಯಲ್ಲಿ ಲಾರಿ, ಟ್ರ್ಯಾಕ್ಟರು, ಜೀಪುಗಳ ಎಣ್ಣೆ ಟ್ಯಾಂಕು ರಿಪೇರಿ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಹೆಸರು ವೀರೇಶಪ್ಪ, ಆದರೆ ಲಾರಿ ಸ್ಟ್ಯಾಂಡಿನಲ್ಲಿ ಟ್ಯಾಂಕ್ ವೀರೇಶಿ ಅಂದರೇ ಗೊತ್ತಾಗುವುದು. ಮೈಕು ಕೈಗೆ ಸಿಕ್ಕಿದ್ದೇ ತಡ, ನಡುರಸ್ತೆಯಲ್ಲಿ ಸೋರುತ್ತ ನಿಂತ ಹತ್ತಿ ಲಾರಿಯನ್ನು ನಾನು ಹೇಗೆ ಉಳಿಸಿದೆ, ಯಾರಿಗೂ ಸಿಗದ ತೂತು ನನಗೆ ಹೇಗೆ ಸಿಕ್ಕಿತು ಎಂದು ಚೆನ್ನಾಗಿ ಕೊಚ್ಚಿಕೊಂಡೆ. ಮಕ್ಕಳು ಚಪ್ಪಾಳೆ ಹೊಡೆದರು.

ಮನೆಗೆ ಬಂದು ಶಾಲು ಮಡಚಿಡುವಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಹೊಳಿ ಬೋಟಿಂದು ಹೇಳಿದ್ರೇನು?"

ಹೇಳಿರಲಿಲ್ಲ. ಶಾಲು ಹೊದ್ದವನಿಗೆ ಅಂಥವು ನೆನಪಾಗುವುದಿಲ್ಲ. ಆಕೆ ನಕ್ಕು ಒಳಗೆ ಹೋದಳು, ನನಗೆ ಮಾತ್ರ ಅಂದಿನಿಂದ ಊಟ ಸರಿಯಾಗಿ ಸೇರಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಇಳಿಯುವವರು ಚಪ್ಪಾಳೆ ಹೊಡೆದದ್ದನ್ನು ಮರೆತು ಇದನ್ನು ಓದಿದರೆ ಉಪಯೋಗವಾದೀತು.

ನನಗೆ ಕೆಲಸ ಕಲಿಸಿದವರು ಖಾಸಿಂ ಸಾಬ್. ಅವರ ಅಂಗಡಿ ಒಂದು ಜಿನ್ನಿಂಗ್ ಮಿಲ್ಲಿನ ಹಿಂಗೋಡೆಗೆ ಆತುಕೊಂಡಿತ್ತು. ಹತ್ತಿಯ ಸುಗ್ಗಿಯಲ್ಲಿ ಗಾಳಿ ಬಂದರೆ ನಮ್ಮ ತಲೆ, ಮೀಸೆ, ಚಹಾದ ಲೋಟ ಎಲ್ಲದರ ಮೇಲೂ ಹತ್ತಿಯ ಎಳೆ ಕೂರುತ್ತಿತ್ತು. ಪಕ್ಕದಲ್ಲಿ ಹತ್ತಿ, ಇತ್ತ ಡೀಸೆಲ್, ನಡುವೆ ಬೆಂಕಿ ಇಟ್ಟುಕೊಂಡು ಮಾಡುವ ಕೆಲಸ. ಅಂಥ ಜಾಗದಲ್ಲಿ ಇಪ್ಪತ್ತು ವರ್ಷ ಒಂದು ಎಳೆ ಹತ್ತಿಯೂ ಸುಡದಂತೆ ಅಂಗಡಿ ನಡೆಸಿದ್ದರು ಉಸ್ತಾದರು. ಅವರ ಬಾಯಿ ಮಾತ್ರ ಬಲು ಜೋರು. ಬೈಗುಳ ಶುರುವಾದರೆ ದಖನಿಯಲ್ಲಿ ಹೊರಟು, ತೆಲುಗಿನಲ್ಲಿ ತಿರುಗಿ, ಕನ್ನಡದಲ್ಲಿ ಬಂದು ನಿಲ್ಲುತ್ತಿತ್ತು.

ಮೊದಲ ದಿನವೇ ಅವರು ಹೇಳಿಕೊಟ್ಟದ್ದು, ತುಂಬಿದ ಟ್ಯಾಂಕಿಗೆ ಹೆದರಬೇಡ, ಖಾಲಿ ಟ್ಯಾಂಕಿಗೆ ಹೆದರು ಎಂದು. ಎಣ್ಣೆ ಬಸಿದ ಮೇಲೂ ಒಳಗೆ ಆವಿ ಕೂತಿರುತ್ತದೆ, ಕಿಡಿ ಕಂಡರೆ ಅದು ಸುಮ್ಮನಿರುವುದಿಲ್ಲ. ಬಿಸಿನೀರಿನಿಂದ ಮೂರು ಸಲ ತೊಳೆದು, ಬೆಸುಗೆ ಹಾಕುವ ಜಾಗದವರೆಗೂ ನೀರು ತುಂಬಿ, ಆಮೇಲೆ ಬೆಂಕಿ ಹತ್ತಿರ ತರಬೇಕು. ಎರಡನೆಯ ಪಾಠ ಮೂಗಿನದು. "ಆಂಖಾಂ ಸೆ ನಕ್ಕೋ, ನಾಕ್ ಸೆ ದೇಖ್" ಎನ್ನುತ್ತಿದ್ದರು. ಕಣ್ಣಿಂದಲ್ಲ, ಮೂಗಿನಿಂದ ನೋಡು ಎಂದು. ಎಣ್ಣೆ ಒಂದು ಕಡೆ ಸೋರಿ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಕಣ್ಣು ತೊಟ್ಟಿಕ್ಕುವ ಜಾಗ ನೋಡಿ ಮೋಸ ಹೋಗುತ್ತದೆ, ಮೂಗು ಮೋಸ ಹೋಗುವುದಿಲ್ಲ.

ಮೂರನೆಯದು ಬಿಲ್ಲೆ. ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಕೋಳಿಮೊಟ್ಟೆಯಷ್ಟಗಲ ಕತ್ತರಿಸಿ, ಅದರ ಮೇಲೆ ಉಳಿಯಿಂದ ಹೆಸರು ಕುಟ್ಟಿ, ಮುಗಿದ ಪ್ರತಿಯೊಂದು ಟ್ಯಾಂಕಿನ ಮೂಲೆಗೂ ಬೆಸುಗೆ ಹಾಕಿ ಅಂಟಿಸುತ್ತಿದ್ದರು. ಇದೇನು ಜಾಹೀರಾತೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಬಿಲ್ಲಾ ಲಗಾಯಾ ತೋ ಭಾಗ್ ನಹೀಂ ಸಕ್ತಾ" ಎಂದರು. ಬಿಲ್ಲೆ ಹಚ್ಚಿದ ಮೇಲೆ ಓಡಿಹೋಗುವ ಹಾಗಿಲ್ಲ, ನಾಳೆ ಸೋರಿದರೆ ಯಾರನ್ನು ಹುಡುಕಬೇಕು ಅಂತ ಅದರ ಮೇಲೇ ಬರೆದಿರುತ್ತದೆ ಎಂದು. ನನಗಾಗ ಅದರಲ್ಲಿ ಕಂಡದ್ದು ಓಡಿಹೋಗದಿರುವುದಲ್ಲ, ಹೆಸರು ಮಾತ್ರ. ಸ್ವಂತ ಅಂಗಡಿ ಹಾಕಿದ ದಿನ ಎಲ್ಲಕ್ಕಿಂತ ಮೊದಲು ನಾನು ಮಾಡಿಕೊಂಡದ್ದು "ವೀರೇಶಿ, ಆದೋನಿ" ಎಂದು ಕುಟ್ಟಿದ ಒಂದು ಡಬ್ಬಿ ಬಿಲ್ಲೆ.

ಕಲಿಯುವ ದಿನಗಳಲ್ಲಿ ತಪ್ಪು ಮಾಡಲಿಲ್ಲವೇ ಎಂದರೆ, ಬೇಕಾದಷ್ಟು. ಒಮ್ಮೆ ಪೆಟ್ರೋಲ್ ಜೀಪಿನ ಟ್ಯಾಂಕನ್ನು ಮೂರು ಸಲದ ಬದಲು ಒಂದೇ ಸಲ ತೊಳೆದು ಬೆಂಕಿ ಹಿಡಿದೆ. ಢಬ್ ಅಂತ ಒಂದು ಸದ್ದು. ಮುಚ್ಚಳ ಹಾರಿ ಚಹಾದಂಗಡಿಯ ತಗಡಿನ ಮೇಲೆ ಬಿತ್ತು. ಪುಣ್ಯಕ್ಕೆ ಕೈಕಾಲು ಉಳಿದವು, ಎರಡು ಹುಬ್ಬು ಮಾತ್ರ ಹೋದವು. ಅದಾದ ನಾಲ್ಕನೇ ದಿನಕ್ಕೆ ಆಲೂರಿನಲ್ಲಿ ನನ್ನ ನಿಶ್ಚಿತಾರ್ಥ. ನಮ್ಮ ಅಕ್ಕ ಕಾಡಿಗೆಯಿಂದ ಎರಡು ಹುಬ್ಬು ಬರೆದು ಕಳಿಸಿದಳು. ಸೆಕೆಗೆ ಬೆವರಿ ಒಂದು ಹುಬ್ಬು ಕೆನ್ನೆಗೆ ಇಳಿಯಿತು. ಹೆಣ್ಣಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹೆಣ್ಣು ಮಾತ್ರ ಸೆರಗು ಬಾಯಿಗಿಟ್ಟು ನಕ್ಕಳು. ಆಕೆ ಇವತ್ತಿಗೂ ನಗುತ್ತಲೇ ಇದ್ದಾಳೆ, ಮೇಲೆ ಬೋಟಿನ ಮಾತು ಕೇಳಿದವಳು ಅವಳೇ.

ಇನ್ನೊಂದು ಸಲ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ಹೊಸ ಕಾರು ತಂದು, ನಿಲ್ಲಿಸಿದಲ್ಲೆಲ್ಲ ಅಡಿಯಲ್ಲಿ ಒದ್ದೆಯಾಗುತ್ತಿದೆ, ಟ್ಯಾಂಕು ಸೋರುತ್ತಿದೆ ಎಂದು ಗಾಬರಿ ಬಿದ್ದರು. ನಾನು ಹಿಂದುಮುಂದು ನೋಡದೆ ಕಾರಿನಡಿ ನುಗ್ಗಿ ಅರ್ಧ ಟ್ಯಾಂಕು ಬಿಚ್ಚಿಬಿಟ್ಟೆ. ಅಷ್ಟರಲ್ಲಿ ನಮಾಜು ಮುಗಿಸಿ ಬಂದ ಉಸ್ತಾದರು ಬಗ್ಗಿ, ನೆಲದ ಒದ್ದೆಗೆ ಬೆರಳು ಹಚ್ಚಿ, ಮೂಸಿ, ನಾಲಿಗೆಗೂ ಇಟ್ಟುಕೊಂಡರು. ಎ.ಸಿ.ಯಿಂದ ಇಳಿದ ತಣ್ಣೀರು ಅದು. ಆಮೇಲೆ ಮೂರು ಭಾಷೆಯಲ್ಲೂ ನನಗೆ ಪೂಜೆಯಾಯಿತು.

ಕೆಲಸದ ರೀತಿ ಕಣ್ಣೆದುರೇ ಬದಲಾಯಿತು. ಆಗ ಟ್ಯಾಂಕಿನ ಹೊರಮೈಗೆ ಸುಣ್ಣ ಬಳಿದು, ಒಣಗಿಸಿ, ಒಳಗೆ ಎಣ್ಣೆ ಹಾಕಿ ಕಾಯುತ್ತಿದ್ದೆವು. ಸೋರುವ ಕಡೆ ಬಿಳಿ ಸುಣ್ಣದ ಮೇಲೆ ಕಂದು ಗೆರೆ ಮೂಡುತ್ತಿತ್ತು. ದಾರಿಯಲ್ಲಿ ಸೋರಿದರೆ ಬಟ್ಟೆ ಸೋಪು ತಿಕ್ಕಿ ಮುಚ್ಚಿಕೊಂಡು ಬರುತ್ತಿದ್ದರು. ಈಗ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ, ಗುಳ್ಳೆ ಎದ್ದ ಕಡೆ ತೂತು. ಇನ್ನೂ ಹೊಸ ಗಾಡಿಗಳಿಗೆ ಪ್ಲಾಸ್ಟಿಕ್ ಟ್ಯಾಂಕು, ಹೋದರೆ ಬಿಸಾಡಿ ಬೇರೆ ಹಾಕುವುದೇ. ಗಾಳಿಯ ಪರೀಕ್ಷೆಯೇ ಒಳ್ಳೆಯದು, ಅದನ್ನೇ ಕಲಿಯಿರಿ. ನನಗೆ ಮಾತ್ರ ಕೊನೆಯವರೆಗೂ ಸುಣ್ಣದ ಮೇಲೇ ಮೋಹ. ಅದರಲ್ಲೂ ಒಂದು ಸೋಮಾರಿತನ ಬೆಳೆಸಿಕೊಂಡಿದ್ದೆ. ತಳಕ್ಕೂ ಪಕ್ಕಕ್ಕೂ ಬಳಿಯುತ್ತಿದ್ದೆ, ನೆತ್ತಿಗೆ ಬಳಿಯುತ್ತಿರಲಿಲ್ಲ. ಟ್ಯಾಂಕು ಮೇಲಿನಿಂದ ಎಲ್ಲಿ ಸೋರುತ್ತದೆ ಎಂಬ ಧಿಮಾಕು.

ಇನ್ನೂ ಒಂದು ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಅಂಗಡಿಯ ಕೊನೆಯ ವರ್ಷಗಳಲ್ಲಿ ನನ್ನ ಮೂಗು ಸತ್ತಿತ್ತು. ಪೈಪು ಬಾಯಿಗಿಟ್ಟು ಡೀಸೆಲ್ ಎಳೆದು ಎಳೆದು, ಆವಿ ಕುಡಿದು ಕುಡಿದು, ವಾಸನೆಯೇ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಸೀದು ಕರಿಯಾದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದೆ. ಅಂಗಡಿಯಲ್ಲಿ ಮಾತ್ರ ಗಿರಾಕಿಗಳ ಎದುರು ಬಗ್ಗಿ, ಮೂಗು ಅರಳಿಸಿ, "ಹಾಂ, ಸಿಕ್ತು" ಎನ್ನುತ್ತಿದ್ದೆ. ಹೇಳಿದರೆ ಟ್ಯಾಂಕ್ ವೀರೇಶಿಯ ಹೆಸರೇನಾಗಬೇಕು? ನೀವು ಮೊದಲ ದಿನದಿಂದಲೇ ಮೂಗಿಗೆ ಮಾಸ್ಕು ಕಟ್ಟಿರಿ, ಪೈಪಿಗೆ ಬಾಯಿ ಹಚ್ಚಬೇಡಿರಿ. ಗೆಳೆಯರು ನಕ್ಕರೆ ನಗಲಿ.

ಅಂಥ ದಿನಗಳಲ್ಲಿ ಬಂದವಳು ಈರಮ್ಮ. ಕೌತಾಳಂ ದಾಟಿ ಉತ್ತರಕ್ಕೆ ಹೋದರೆ ತುಂಗಭದ್ರೆಯ ದಂಡೆಯಲ್ಲಿ ಅವಳ ಊರು, ಆಚೆ ದಂಡೆ ಕರ್ನಾಟಕ. ಮದುವೆಯಾಗಿ ಬಂದಂದಿನಿಂದ ಆ ಕಡವಿನಲ್ಲಿ ಪುಟ್ಟಿ, ಅಂದರೆ ಹರಿಗೋಲು ಹಾಕಿ ಜನರನ್ನು ದಾಟಿಸಿದವಳು. ಗಂಡ ಕುರಿ ನೋಡಿಕೊಳ್ಳುತ್ತಾನೆ, ಅವನಿಗೆ ನೀರೆಂದರೆ ಭಯ. ಬಿದಿರಿನ ಪುಟ್ಟಿಯ ಕಾಲ ಮುಗಿಯಿತೆಂದು ಅವಳೇ ಒಂದು ಹಳೆಯ ಕಬ್ಬಿಣದ ಬೋಟು ತರಿಸಿ, ಡೀಸೆಲ್ ಎಂಜಿನ್ ಕೂರಿಸಿಕೊಂಡಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಮಾತು ನೇರ.

ಅವಳ ತೊಂದರೆ ಇಷ್ಟು. ಬೋಟಿನ ಟ್ಯಾಂಕು ಸೋರಿ ಡೀಸೆಲ್ ತಳದಲ್ಲಿ ನಿಲ್ಲುತ್ತಿತ್ತು. ಅದನ್ನು ಮೊಗೆದು ಚೆಲ್ಲಿದರೆ ನೀರಿನ ಮೇಲೆ ಎಣ್ಣೆ ತೇಲಿ, ಬಟ್ಟೆ ಒಗೆಯುವವರು ಜಗಳಕ್ಕೆ ಬರುತ್ತಿದ್ದರು. ಅದಕ್ಕಿಂತ ದೊಡ್ಡದೆಂದರೆ, ಕಡವಿನ ಪರವಾನಗಿ ಹೊಸದು ಮಾಡುವ ತಪಾಸಣೆ ಆ ತಿಂಗಳ ಕೊನೆಗೆ ಇತ್ತು. ಜನ ಕೂರುವ ಬೋಟಿನ ತಳದಲ್ಲಿ ಎಣ್ಣೆ ಕಂಡರೆ ಪರವಾನಗಿ ಇಲ್ಲ. ಮೇಲಿನ ಕಡವಿನಲ್ಲಿ ಫೈಬರ್ ಬೋಟಿನವನೊಬ್ಬ ಕಾಯುತ್ತಲೇ ಇದ್ದ.

"ಮೇಸ್ತ್ರಿ, ಈ ಬೋಟು ನಿಂತ್ರ ನಾ ದಂಡಿ ಮ್ಯಾಲ ಕುಂತು ಬ್ಯಾರೇವ್ರ ಬೋಟು ನೋಡಬೇಕಾಗ್ತೈತಿ. ನನ್ನ ಕೈಲಿ ಅದು ಆಗಂಗಿಲ್ಲ," ಎಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಲಾರಿ ಟ್ಯಾಂಕು ಮಾಡೋರಿಗೆ ಬೋಟಿನ ಟ್ಯಾಂಕು ಬರ್ತೈತೇನ್ರಿ?"

"ತಾನು ನೆಲದ ಮ್ಯಾಲ ಅದೀನೋ ನೀರಿನ ಮ್ಯಾಲ ಅದೀನೋ ಅಂತ ಟ್ಯಾಂಕಿಗೆ ಗೊತ್ತಿರಲ್ಲಮ್ಮ," ಎಂದೆ. ಈ ಮಾತು ಆಮೇಲೆ ನನಗೆ ಬಹಳ ಸಲ ನೆನಪಾಯಿತು.

ಮರುದಿನ ಹೋಗಿ ನೋಡಿದೆ. ಬೋಟಿನ ಹಿಂಭಾಗದಲ್ಲಿ ಕೂರುವ ಹಲಗೆ, ಅದರ ಕೆಳಗೆ ಚೌಕ ಟ್ಯಾಂಕು. ಹಲಗೆಗೂ ಟ್ಯಾಂಕಿನ ನೆತ್ತಿಗೂ ನಡುವೆ ಬೆರಳು ತೂರುವಷ್ಟು ಸಂದು. ಹಲಗೆ ತೆಗೆದು ಟ್ಯಾಂಕು ಬಿಚ್ಚಿದರೆ ತಳದ ಕೂಡಿಕೆಯಲ್ಲಿ ತುಕ್ಕು ತಿಂದ ಜಾಗ ಕಣ್ಣಿಗೇ ಕಂಡಿತು. ಅದು ನಿಜವಾದ ತೂತು, ಅದರಲ್ಲಿ ಸುಳ್ಳಿಲ್ಲ. ಟ್ಯಾಂಕನ್ನು ಬಸ್ಸಿನಲ್ಲಿ ಆದೋನಿಗೆ ತಂದು, ತೊಳೆದು, ಬೆಸುಗೆ ಹಾಕಿ, ಎರಡು ದಿನದಲ್ಲಿ ವಾಪಸು ಒಯ್ದು ಕೂರಿಸಿದೆ. ಈರಮ್ಮನ ಮುಖ ಅರಳಿತು, ಅಲ್ಲೇ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು.

ಇನ್ನು ಬಿಲ್ಲೆ. ಟ್ಯಾಂಕಿನ ಮೇಲೆ ಹಚ್ಚಿದರೆ ಹಲಗೆಯ ಕೆಳಗೆ ಹೂತುಹೋಗುತ್ತದೆ, ಯಾರು ನೋಡಬೇಕು? ಎರಡು ರಾಜ್ಯದ ಜನ ಹತ್ತಿ ಇಳಿಯುವ ಬೋಟು. ಹಲಗೆಯ ಮೇಲೇ ಇರಲಿ ಎನಿಸಿತು. ಹಲಗೆಯನ್ನು ದಂಡೆಯ ಮರಳಿನ ಮೇಲೆ ಹಾಸಿ, ಬಿಲ್ಲೆಯ ನಾಲ್ಕು ಮೂಲೆಗೆ ಮೊಳೆ ಹೊಡೆದೆ. ಮೂರು ಸಣ್ಣ ಮೊಳೆ ಸಿಕ್ಕವು, ನಾಲ್ಕನೆಯದು ಡಬ್ಬಿಯಲ್ಲಿ ಇರಲಿಲ್ಲ. ಇದ್ದ ಒಂದು ಉದ್ದ ಮೊಳೆಯನ್ನೇ ಹೊಡೆದೆ. ಮರಳಲ್ಲವೇ, ಹಲಗೆ ದಾಟಿ ಇಳಿದದ್ದು ಕೈಗೂ ತಿಳಿಯಲಿಲ್ಲ, ಕಿವಿಗೂ ಕೇಳಲಿಲ್ಲ. ಹಲಗೆ ಎತ್ತಿ ಅದರ ಜಾಗದಲ್ಲಿ ಕೂರಿಸಿ, ಅಂಗೈಯಿಂದ ನನ್ನ ಹೆಸರು ಒರೆಸಿ ಬಂದೆ.

ಎಂಟು ದಿನಕ್ಕೆ ಫೋನು ಬಂತು. ಮತ್ತೆ ಸೋರುತ್ತಿದೆ.

ಹೋದೆ. ಟ್ಯಾಂಕಿನ ತಳದಲ್ಲಿ, ನಾನು ಬೆಸುಗೆ ಹಾಕಿದ ಕೂಡಿಕೆಯ ಹತ್ತಿರವೇ ಹನಿ ತೂಗುತ್ತಿತ್ತು. ಬೆಸುಗೆ ಹಸಿಯಾಗಿತ್ತೇನೋ ಎಂದುಕೊಂಡೆ. ಆವತ್ತು ಬೋಟಿನಲ್ಲಿ ಒಬ್ಬ ಹೆಂಗಸು ಇದ್ದಳು, ಶರಣಮ್ಮ. ಎಮ್ಮಿಗನೂರಿನ ನೇಕಾರರಿಂದ ಸೀರೆ, ಹೊದಿಕೆ ಕೊಂಡು, ತನ್ನಷ್ಟೇ ತೂಕದ ಗಂಟು ಕಟ್ಟಿ, ವಾರಕ್ಕೆರಡು ಸಲ ಆಚೆ ದಂಡೆಯ ಹಳ್ಳಿಗಳಿಗೆ ಒಯ್ದು ಮಾರುವವಳು. ಗಂಟಿನ ಸಮೇತ ಕೂರಲು ಹಿಂದಿನ ಅಗಲ ಹಲಗೆಯೇ ಬೇಕು ಅವಳಿಗೆ. ಆಕೆ ನನಗೆ, ತಾನು ಕೂತ ದಿನವೇ ವಾಸನೆ ಬರುತ್ತದೆ, ಉಳಿದ ದಿನ ಬರುವುದಿಲ್ಲವಂತೆ, ನೋಡಿರಿ ಎಂದಳು. ಬೋಟಿನವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕು, ಸೀರೆಗಳನ್ನು ಡೀಸೆಲ್‌ನಲ್ಲಿ ಅದ್ದಿ ಬಣ್ಣ ಹಾಕಿಸಿದಿರೇನಮ್ಮ ಎಂದು ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ಗಂಟಿನ ಅಂಚು ಮೂಸಿ ಮುಖ ಕಿವುಚಿದಳು.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಮೂಗಿನಿಂದ ನೋಡು ಎಂದು ಕಲಿತವನು ನಾನು. ನನ್ನ ಮೂಗು ಸತ್ತಿತ್ತು ಸರಿ, ಆಕೆಯ ಮೂಗು ಜೀವಂತ ಎದುರಿಗೆ ಕೂತಿತ್ತಲ್ಲ.

ಟ್ಯಾಂಕು ಮತ್ತೆ ಬಸ್ಸು ಹತ್ತಿತು. ಮಡಿಲಲ್ಲಿದ್ದ ಟ್ಯಾಂಕಿನ ಗುರುತು ಹಿಡಿದು ಕಂಡಕ್ಟರ್, "ಮಗೂಗಿ ಇನ್ನಾ ವಾಸಿ ಆಗಿಲ್ಲೇನ್ರಿ?" ಎಂದ. ಅಂಗಡಿಯಲ್ಲಿ ತಳಕ್ಕೆ ಸುಣ್ಣ ಬಳಿದು, ಮುಕ್ಕಾಲು ಎಣ್ಣೆ ಹಾಕಿ ಕಾದೆ. ಒಂದು ಗೆರೆಯೂ ಮೂಡಲಿಲ್ಲ. ಆದರೂ ಇರಲಿ ಎಂದು ಗಟ್ಟಿಯಾಗಿದ್ದ ಕೂಡಿಕೆಯ ಮೇಲೆ ಇನ್ನೊಂದು ಸುತ್ತು ಬೆಸುಗೆ ಹಾಕಿದೆ. ಕಾಯಿಲೆ ಗೊತ್ತಿಲ್ಲದೆ ಸೂಜಿ ಚುಚ್ಚುವ ಡಾಕ್ಟರಿಗಿಂತ ನಾನೇನೂ ಮೇಲಾಗಿರಲಿಲ್ಲ. ಒಯ್ದು ಕೂರಿಸಿದೆ. ಐದನೇ ದಿನಕ್ಕೆ ಮತ್ತೆ ಫೋನು.

ಈ ಸಲ ಈರಮ್ಮ ಬೈಯಲಿಲ್ಲ. ಅದೇ ಕಷ್ಟವಾಯಿತು. ತಪಾಸಣೆಗೆ ಇನ್ನು ಆರು ದಿನ ಅದೆ, ಆಗದಿದ್ದರೆ ಆಗಲ್ಲ ಅಂತ ಹೇಳಿಬಿಡಿರಿ, ಬೇರೆ ದಾರಿ ನೋಡಿಕೊಳ್ಳುತ್ತೇನೆ ಎಂದು ಮೆತ್ತಗೆ ಹೇಳಿದಳು. ನಾನು, ಹಳೆಯ ತಗಡು ಪೂರ್ತಿ ಟೊಳ್ಳಾಗಿದೆ, ಹೊಸ ಟ್ಯಾಂಕೇ ಮಾಡಿಕೊಡುತ್ತೇನೆ, ಈ ಸಲ ತಪ್ಪಿದರೆ ಅಂಗಡಿ ಬಾಗಿಲು ಹಾಕುತ್ತೇನೆ ಎಂದುಬಿಟ್ಟೆ. ಒಳ್ಳೆಯ ತಗಡು ತಂದು ಹೊಸದು ಮಾಡಿದೆ. ಮೋಹ ಬಿಟ್ಟು, ಗಾಳಿ ತುಂಬಿ ನೀರಲ್ಲಿ ಮುಳುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಅಷ್ಟು ಚಂದದ ಟ್ಯಾಂಕು ನಾನು ಮೊದಲು ಮಾಡಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ತಟ್ಟಿ ನೋಡಿ, ಇದು ಎರಡನೇ ಮಗುವೋ ಎಂದ. ತಪಾಸಣೆಯ ಹಿಂದಿನ ದಿನ ಅದನ್ನು ಕೂರಿಸಿದೆ. ಕೂರಿಸುವಾಗ ಹಲಗೆಯನ್ನು ಎತ್ತಿ ಮರಳ ಮೇಲೆ ಇಟ್ಟೆನಲ್ಲ, ಪ್ರತಿ ಸಲದಂತೆ ಬಿಲ್ಲೆ ಮೇಲೆ ಮಾಡಿಯೇ ಇಟ್ಟೆ. ಮಗುಚಿ ಇಟ್ಟರೆ ನನ್ನ ಹೆಸರಿಗೆ ಮರಳು ಹತ್ತುತ್ತದಲ್ಲ! ಒಂದೇ ಒಂದು ಸಲ ಮಗುಚಿ ಇಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ತಪಾಸಣೆಯ ದಿನ ಬೆಳಿಗ್ಗೆ ನಾನೂ ಹೋದೆ. ಹೊಗಳಿಕೆ ಕೇಳಲು ಹೋದೆ ಅಂತಲೇ ಬರೆದುಕೊಳ್ಳಿ. ಬಂದ ಸಾಹೇಬರು ತೆಳ್ಳನೆಯ ಮನುಷ್ಯ, ಇಸ್ತ್ರಿ ಅಂಗಿ, ತೆಲುಗು ಮಾತು. ಲೈಫ್ ಜಾಕೆಟ್ ಎಣಿಸಿದರು, ಎಂಜಿನ್ ನೋಡಿದರು. ನಡೆಯುವ ಬೋಟನ್ನೇ ನೋಡಬೇಕು ಎಂದು ಜನರ ಜೊತೆ ಹತ್ತಿ ಕೂತರು. ಆವತ್ತು ಶರಣಮ್ಮನ ಬಟ್ಟೆಯ ದಿನ. ಗಂಟಿನ ಸಮೇತ ಹಿಂದಿನ ಹಲಗೆಯ ಮೇಲೆ, ನನ್ನ ಹೆಸರಿನ ಪಕ್ಕದಲ್ಲೇ ಕೂತಳು. ಟ್ಯಾಂಕು ಬಾಯಿವರೆಗೂ ತುಂಬಿತ್ತು. ನಡುಹೊಳೆಗೆ ಹೋಗಿ, ಅಲೆಗೆ ಎರಡು ಸಲ ತೂಗಿ, ತಿರುಗಿ ದಂಡೆಗೆ ಬಂದೆವು. ಎಲ್ಲರನ್ನೂ ಇಳಿಸಿ ಸಾಹೇಬರು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಟ್ಯಾಂಕಿನ ಕೆಳಗೆ ಕೈಯಾಡಿಸಿ ಹೊರಗೆಳೆದರು.

ಕರವಸ್ತ್ರ ಹಳದಿಯಾಗಿತ್ತು.

"ಚುಕ್ಕ ಪಡಿನಾ ಪರ್ಮಿಷನ್ ಲೇದು ಅನಿ ಚೆಪ್ಪಾನು ಕದಾ," ಎಂದರು ಸಾಹೇಬರು. ಒಂದು ಹನಿ ಬಿದ್ದರೂ ಇಲ್ಲ ಎಂದು ಮೊದಲೇ ಹೇಳಿದ್ದರಂತೆ. ನಿಮ್ಮಂಥವರು ಎಂಜಿನ್ ಇಟ್ಟುಕೊಳ್ಳುತ್ತೀರಿ, ನೋಡಿಕೊಳ್ಳಲು ಬರುವುದಿಲ್ಲ, ಎಲ್ಲೋ ಗುದ್ದಿ ತೂತು ಮಾಡಿರುತ್ತೀರಿ ಎಂದು ಈರಮ್ಮನಿಗೆ ಹೇಳುತ್ತ, ಕಾಗದ ತೊಡೆಯ ಮೇಲಿಟ್ಟು ಪೆನ್ನು ತೆಗೆದರು. ಈರಮ್ಮ ಹಗ್ಗ ಹಿಡಿದು ನಿಂತಿದ್ದಳು, ಅದನ್ನು ಬಿಡಲೂ ಇಲ್ಲ, ಕಟ್ಟಲೂ ಇಲ್ಲ.

ಆಗ ಶರಣಮ್ಮ ನನ್ನ ಹತ್ತಿರ ಬಂದು ಹೇಳಿದಳು: "ನಾ ಕುಂತ ಕೂಡ್ಲೆ ವಾಸನಿ ಬಂತ್ರಿ ಮೇಸ್ತ್ರಿ. ತಳದಾಗಿಂದ ಅಲ್ಲ. ನನ್ನ ತೊಡಿ ಬಾಜೂಕಿಂದ, ಮ್ಯಾಲಿಂದ."

ಮೇಲಿನಿಂದ. ನಾನು ಬೋಟಿಗೆ ಹಾರಿ ಹಲಗೆಯನ್ನು ಎತ್ತಿದೆ. ಜೀವನದಲ್ಲಿ ಮೊದಲ ಸಲ ಅದನ್ನು ಮಗುಚಿದೆ. ಬಿಲ್ಲೆಯ ನಾಲ್ಕನೇ ಮೂಲೆಯ ಕೆಳಗೆ ಮೊಳೆಯ ತುದಿ ಹೊರಬಂದು, ಡೀಸೆಲ್‌ನಲ್ಲಿ ತೊಯ್ದು ಹೊಳೆಯುತ್ತಿತ್ತು. ಅದರ ನೇರ ಕೆಳಗೆ, ಹೊಸ ಟ್ಯಾಂಕಿನ ನೆತ್ತಿಯ ಮೇಲೆ ಸೂಜಿಯಷ್ಟು ತೂತು. ಖಾಲಿ ಹಲಗೆ ಟ್ಯಾಂಕಿಗೆ ತಾಗುತ್ತಿರಲಿಲ್ಲ. ಶರಣಮ್ಮ ಗಂಟಿನ ಸಮೇತ ಕೂತರೆ ಹಲಗೆ ಬಾಗಿ ಮೊಳೆ ಚುಚ್ಚುತ್ತಿತ್ತು. ಬೋಟು ತೂಗಿದಾಗ ಎಣ್ಣೆ ಆ ತೂತಿನಿಂದ ಉಕ್ಕಿ, ಪಕ್ಕದಿಂದ ಇಳಿದು, ತಳದಲ್ಲಿ ಹನಿಯಾಗಿ ತೂಗುತ್ತಿತ್ತು. ಕಣ್ಣು ನೋಡಿದ್ದು ಬರೀ ಆ ಹನಿಯನ್ನು.

ಈಗ ನಿಜ ಹೇಳುತ್ತೇನೆ. ಇಕ್ಕಳ ನನ್ನ ಕೈಯಲ್ಲೇ ಇತ್ತು. ಎಲ್ಲರೂ ಸಾಹೇಬರ ಪೆನ್ನು ನೋಡುತ್ತಿದ್ದರು. ಮೊಳೆ ಕಿತ್ತು ಹೊಳೆಗೆ ಎಸೆದು, ಹೌದು ಸಾರ್, ಯಾರೋ ಗುದ್ದಿದ್ದಾರೆ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ಉಸಿರು ಎಳೆಯುವಷ್ಟು ಹೊತ್ತು ನಾನು ಅದನ್ನೇ ಯೋಚಿಸಿದೆ. ಆಮೇಲೆ ಹಲಗೆಯ ಮೇಲ್ಮುಖ ಕಣ್ಣಿಗೆ ಬಿತ್ತು. ವೀರೇಶಿ, ಆದೋನಿ. ಉಸ್ತಾದರು ಅವತ್ತು ಹೇಳಿದ್ದರ ಅರ್ಥ ಅಷ್ಟು ವರ್ಷದ ಮೇಲೆ ಅಲ್ಲಿ ನಿಂತಾಗ ನನಗಾಯಿತು.

ಹಲಗೆಯನ್ನು ಹೊತ್ತು ತಂದು ಸಾಹೇಬರ ಎದುರು ಇಟ್ಟೆ. "ಸಾರ್, ತಪ್ಪು ಬೋಟಿಂದಲ್ಲ, ಈರಮ್ಮಂದೂ ಅಲ್ಲ. ಈ ಮೊಳಿ ನಾ ಹೊಡದಿದ್ದು. ನನ್ನ ಹೆಸರು ನಾಲ್ಕು ಮಂದಿ ನೋಡ್ಲಿ ಅಂತ ಹೊಡದಿದ್ದು."

ಸಾಹೇಬರು ಮೊಳೆ ನೋಡಿದರು, ತಿರುಗಿಸಿ ಬಿಲ್ಲೆ ಓದಿದರು, ನನ್ನ ಮುಖ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು. ತಮಗೆ ಮೇಲಿನ ಕಡವಿನ ಕೆಲಸ ಇದೆ, ಮಧ್ಯಾಹ್ನ ಮೂರಕ್ಕೆ ಬರುತ್ತೇನೆ, ಆಗ ಒರೆಸಿದ ಕರವಸ್ತ್ರ ಒಣಗಿಯೇ ಇರಬೇಕು ಎಂದು ಹೇಳಿ ಜೀಪು ಹತ್ತಿದರು.

ಆಗಲೇ ಹನ್ನೆರಡಾಗಿತ್ತು, ಮೂರು ತಾಸಿನಲ್ಲಿ ಆದೋನಿಗೆ ಹೋಗಿ ಬರಲಾಗದು. ಎಣ್ಣೆ ಮೆತ್ತಿದ ಬೋಟಿನ ಹತ್ತಿರ ಬೆಂಕಿಯಂತೂ ತರಬಾರದು. ಇದ್ದದ್ದು ಉಸ್ತಾದರ ಬೆಂಕಿಯಿಲ್ಲದ ಉಪಾಯ ಒಂದೇ: ತಿರುಪು ಮೊಳೆ, ಅದರಡಿಗೆ ಚರ್ಮದ ಬಿಲ್ಲೆ. ಚರ್ಮ ಡೀಸೆಲ್ ಕುಡಿದು ಉಬ್ಬಿ ತೂತನ್ನು ಬಿಗಿಯಾಗಿ ಮುಚ್ಚುತ್ತದೆ. ತಿರುಪು ಚೀಲದಲ್ಲಿತ್ತು, ಚರ್ಮ ಎಲ್ಲಿಂದ? ನನ್ನ ಎಡಗಾಲಿನ ಚಪ್ಪಲಿ ಬಿಚ್ಚಿ ಅಟ್ಟೆಯಿಂದ ದುಂಡಗೆ ಒಂದು ತುಂಡು ಕತ್ತರಿಸಿದೆ. ಟ್ಯಾಂಕನ್ನು ಬಿಚ್ಚಿ, ಎಣ್ಣೆ ಕ್ಯಾನಿಗೆ ಬಸಿದು, ದಂಡೆಯ ಮೇಲೆ ಕೂತು ಕೈಯಿಂದಲೇ ತಿರುಪು ಬಿಗಿದೆ. ಸಿಟ್ಟಿಗೆ ಹಲಗೆಯ ನಾಲ್ಕೂ ಮೊಳೆ ಕಿತ್ತು, ಹೆಸರಿನ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡೆ. ಕೆಲಸ ಮಾಡುತ್ತಲೇ, ಪಕ್ಕದಲ್ಲಿ ಕೂತಿದ್ದ ಶರಣಮ್ಮನಿಗೆ ನನ್ನ ಮೂಗಿನ ಸಂಗತಿ ಹೇಳಿದೆ. ಅವತ್ತು ನಕ್ಕದ್ದು ತಪ್ಪಾಯಿತಮ್ಮ ಎಂದೆ. ಹೆಂಡತಿಗೂ ಹೇಳದ್ದನ್ನು ಸೀರೆ ಮಾರುವವಳಿಗೆ ಹೇಳಿದೆ, ಅದು ಹೇಗೋ ಸುಲಭವಾಯಿತು. ಆಕೆ, ಅಯ್ಯ, ಅಷ್ಟೇನಾ, ಇವತ್ತು ನನ್ನ ಮೂಗು ತಗೊಳ್ಳಿರಿ ಎಂದು ಟ್ಯಾಂಕಿನ ಸುತ್ತ ಬಗ್ಗಿ ಬಗ್ಗಿ ಮೂಸಿದಳು.

ಮೂರಕ್ಕೆ ಸಾಹೇಬರು ಬಂದರು. ಟ್ಯಾಂಕು ಬಾಯಿವರೆಗೂ ತುಂಬಿಸಿದರು. ಶರಣಮ್ಮನನ್ನು ಗಂಟಿನ ಸಮೇತ ಅದೇ ಹಲಗೆಯ ಮೇಲೆ ಕೂರಿಸಿ, ನಡುಹೊಳೆಗೆ ಎರಡು ಸಲ ಹೋಗಿ ಬರಲು ಹೇಳಿದರು. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ದಂಡೆಯಲ್ಲೇ ನಿಂತೆ, ಹತ್ತಲು ಧೈರ್ಯವಾಗಲಿಲ್ಲ. ಬೋಟು ತಿರುಗಿ ಬಂದಾಗ ಸಾಹೇಬರು ಹೊಸ ಕರವಸ್ತ್ರ ತೆಗೆದು ಟ್ಯಾಂಕಿನ ತಳ, ಪಕ್ಕ, ನೆತ್ತಿ ಎಲ್ಲ ಒರೆಸಿ ಬಿಡಿಸಿ ಹಿಡಿದರು. ಬೆಳ್ಳಗೇ ಇತ್ತು. ಮೂಗಿಗೂ ಹಿಡಿದು, "ವಾಸನ ಕೂಡಾ ಲೇದೇ!", ವಾಸನೆಯೂ ಇಲ್ಲವಲ್ಲ, ಎಂದು ತಮಗೆ ತಾವೇ ಹೇಳಿಕೊಂಡು, ಅಲ್ಲೇ ಸಹಿ ಹಾಕಿ ಕಾಗದವನ್ನು ಈರಮ್ಮನ ಕೈಗೆ ಕೊಟ್ಟರು. ಈರಮ್ಮ ಕಾಗದ ಎದೆಗವಚಿಕೊಂಡು ಹೊಳೆಯ ಕಡೆ ತಿರುಗಿ ನಿಂತಳು. ಅಳುತ್ತಿದ್ದಳೆಂದು ಭುಜ ನೋಡಿ ತಿಳಿಯಿತು.

ನಾನು ಚೀಲ ಹೆಗಲಿಗೇರಿಸಿ ಮೆಲ್ಲಗೆ ಬಸ್ಸಿನ ದಾರಿ ಹಿಡಿದಿದ್ದೆ. ಹಿಂದಿನಿಂದ ಕೂಗಿ ನಿಲ್ಲಿಸಿ ಈರಮ್ಮ ಕೈ ಚಾಚಿದಳು. "ಬಿಲ್ಲಿ ಎಲ್ಲೈತಿ? ಇಲ್ಲಿ ಕೊಡ್ರಿ."

ನಾನು ಬೇಡಮ್ಮ, ಸಾಕಾಯಿತು ಎಂದೆ.

"ನಾಳಿ ಸೋರಿದ್ರ ನಾ ಯಾರ್ನ ಕರೀಬೇಕು?" ಎಂದಳು.

ನನ್ನ ಕಣ್ಣಲ್ಲೂ ನೀರು ಬಂತು. ಬಿಲ್ಲೆ ಕೊಟ್ಟೆ. ಅವಳು ಅದರ ಮೂಲೆಯ ತೂತಿಗೆ ತಂತಿ ಪೋಣಿಸಿ, ಬೋಟಿನ ಮೂತಿಗೆ ಕಟ್ಟಿದ್ದ ನಿಂಬೆಹಣ್ಣಿನ ಪಕ್ಕ ತೂಗಹಾಕಿದಳು. ಮೊಳೆ ಮಾತ್ರ ಬೇಡವೆಂದು ಶರಣಮ್ಮ ಬೋಟಿನಿಂದಲೇ ಕೂಗಿದಳು, ಎಲ್ಲರೂ ನಕ್ಕರು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಬರಿಗಾಲು ನೋಡಿ, ಮಗೂನ ಬಿಟ್ಟು ಬಂದಿರಿ ಸರಿ, ಚಪ್ಪಲಿ ಯಾರಿಗೆ ಬಿಟ್ಟಿರಿ ಎಂದು ಕೇಳಿದ.

ಅಂಗಡಿಯಲ್ಲಿ ಹಳೆಯ ಟ್ಯಾಂಕು ಬಿದ್ದಿತ್ತು. ಅದರ ನೆತ್ತಿ ತಡವಿ ನೋಡಿದೆ. ಅಲ್ಲೂ ಸೂಜಿಯಷ್ಟೇ ಒಂದು ತೂತು ಇತ್ತು. ಆರು ತಿಂಗಳಲ್ಲಿ ಅಂಗಡಿ ಮುಚ್ಚಿದೆ. ಮೂಗಿಲ್ಲದವನು ಬೇರೆಯವರ ಬೆಂಕಿಯ ಹತ್ತಿರ ಇರಬಾರದು ಎನಿಸಿತು. ಅದರಲ್ಲಿ ದುಃಖವೇನೂ ಇಲ್ಲ, ನಿದ್ದೆ ಚೆನ್ನಾಗಿ ಬರುತ್ತಿದೆ.

ಶರಣಮ್ಮ ಈಗಲೂ ವಾರಕ್ಕೊಮ್ಮೆ ನಡುಹೊಳೆಯಿಂದ ಫೋನು ಮಾಡುತ್ತಾಳೆ. ಹಿಂದೆ ಎಂಜಿನ್ ಸದ್ದು, ಈರಮ್ಮ ಯಾರನ್ನೋ ಸರಿದು ಕೂರಲು ಗದರಿಸುವುದು ಎಲ್ಲ ಕೇಳುತ್ತದೆ. ಕ್ಷೇಮ ಸಮಾಚಾರ ಏನೂ ಇಲ್ಲ, ಒಂದೇ ಮಾತು ಹೇಳಿ ಇಟ್ಟುಬಿಡುತ್ತಾಳೆ.

"ಮೂಸಿ ನೋಡೀನ್ರಿ ಮೇಸ್ತ್ರಿ. ಇವತ್ತೂ ಏನೂ ವಾಸನಿ ಇಲ್ಲ."